ಅರವತ್ತೆಂಟೂವರೆ ಚೀಲ ಭತ್ತ, ಒಂದು ರೂಪಾಯಿ ಕಡಿಮೆ: ಕಾರಟಗಿ ಕಡೆಯ ಒಂದು ಪ್ರಕರಣ

ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಕೇಳಿದರೆ ಸಾಮಾನ್ಯವಾಗಿ 75 ಕೆ.ಜಿ. ಚೀಲಕ್ಕೆ ಇಷ್ಟು ಅಂತಲೇ ಹೇಳುತ್ತಾರೆ. ಕಾಗದದ ಮೇಲೆ ಕ್ವಿಂಟಾಲ್ ಇದ್ದರೂ ಬಾಯಿಮಾತಿನ ವ್ಯಾಪಾರವೆಲ್ಲ ಚೀಲದ ಲೆಕ್ಕದಲ್ಲೇ. ಈ 75 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಪ್ರಕರಣದ ಅರ್ಧ ಗುಟ್ಟು ಅದರಲ್ಲೇ ಇದೆ.

ಕಾರಟಗಿ ಕಡೆಯ ಒಂದು ರೈಸ್ ಮಿಲ್. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಸೋನಾ ಮಸೂರಿ ಕಟಾವಿಗೆ ಬಂದ ಹೊತ್ತು. ಮಿಲ್ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ತೂಕ ಆದಮೇಲೆ ರೈತರಿಗೆ ಕೊಡುವ ಪಟ್ಟಿಯನ್ನು ಮೊದಲು ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದರು. ಈಗ ಅದು ಕಂಪ್ಯೂಟರ್‌ನಿಂದ ಬರುತ್ತದೆ. ಬ್ರೌಸರ್‌ನಲ್ಲಿ ಓಡುವ ಒಂದು ಪ್ರೋಗ್ರಾಂ, ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಬರೆದದ್ದು. ಬರೆದುಕೊಟ್ಟವರು ಬೇರೆ ಊರಿನವರು.

ಹತ್ತಿರದ ಕ್ಯಾಂಪಿನ (ಈ ಕಡೆ ರೈತರ ಸಣ್ಣ ಊರಿಗೆ ಹಾಗನ್ನುತ್ತಾರೆ) ರೈತರೊಬ್ಬರು 70 ಗೋಣಿಚೀಲ ತಂದಿದ್ದರು. ವೇಬ್ರಿಡ್ಜ್‌ನಲ್ಲಿ ಗಾಡಿಯ ತೂಕ ಕಳೆದು 5,190 ಕೆ.ಜಿ. ಬಂತು. ಖಾಲಿ ಗೋಣಿಚೀಲಕ್ಕೆ ತಲಾ 750 ಗ್ರಾಂ ಹಿಡಿದು 52.5 ಕೆ.ಜಿ. ಮುರಿದರು. ಉಳಿದದ್ದು 5,137.5 ಕೆ.ಜಿ., ಅಂದರೆ 75 ಕೆ.ಜಿ. ಲೆಕ್ಕದಲ್ಲಿ ಸರಿಯಾಗಿ ಅರವತ್ತೆಂಟೂವರೆ ಚೀಲ. ಆ ದಿನದ ದರ ಚೀಲಕ್ಕೆ 1,755 ರೂಪಾಯಿ. ಪಟ್ಟಿಯಲ್ಲಿ ಬಂದದ್ದು ಹೀಗೆ: ಭತ್ತದ ಮೊತ್ತ 1,20,217.50. ಕೆಳಗೆ ರೌಂಡ್ ಆಫ್ -0.50. ಅದರ ಕೆಳಗೆ 1,20,217.

ಅದೇ ದಿನ, ಅದೇ ದರಕ್ಕೆ, ಪಕ್ಕದ ಹೊಲದವರ ಭತ್ತ 4,612.5 ಕೆ.ಜಿ. ತೂಗಿತ್ತು. ಅರವತ್ತೊಂದೂವರೆ ಚೀಲ. ಅವರ ಪಟ್ಟಿಯಲ್ಲಿ ಮೊತ್ತ 1,07,932.50, ರೌಂಡ್ ಆಫ್ +0.50, ಕೊನೆಗೆ 1,07,933.

ಸಂಜೆ ಇಬ್ಬರೂ ಹೋಟೆಲಿನಲ್ಲಿ ಕೂತು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರು. ಇಬ್ಬರದ್ದೂ ಐವತ್ತು ಪೈಸೆ. ಒಬ್ಬರದ್ದು ಮೇಲೆ ಹೋಗಿದೆ, ಇನ್ನೊಬ್ಬರದ್ದು ಕೆಳಗೆ. ಮರುದಿನ ಬೆಳಿಗ್ಗೆ ಕ್ಯಾಂಪಿನವರು ಮಿಲ್‌ಗೆ ಬಂದರು.

“ಒಂದ್ ರೂಪಾಯಿ ಸಲುವಾಗಿ ಬಂದಿಲ್ರೀ ಸಾವ್ಕಾರ್ರ. ಒಂದೇ ದಿನ, ಒಂದೇ ರೇಟು. ಅವರ್ದು ಏರ್ಸೀರಿ, ನಂದು ಇಳ್ಸೀರಿ. ಇಲ್ಲೇ ಹಿಂಗಾದ್ರ ತೂಕದಾಗ ಏನೇನ್ ಆಗೈತೋ ಯಾರಿಗ್ ಗೊತ್ತು?”

ಗುಮಾಸ್ತರು ಹೇಳಿದ್ದು ಒಂದೇ ಮಾತು: “ನಾ ಏನೂ ಮಾಡಿಲ್ರೀ, ಕಂಪ್ಯೂಟರ್ ಮಾಡಿದ್ದು.” ಈ ಉತ್ತರದಿಂದ ಅನುಮಾನ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ರೈತರ ಪ್ರಶ್ನೆ ನ್ಯಾಯವಾದದ್ದು. ಲಕ್ಷ ರೂಪಾಯಿಯ ವ್ಯವಹಾರದಲ್ಲಿ ಒಂದು ರೂಪಾಯಿ ದೊಡ್ಡದಲ್ಲ ನಿಜ. ಆದರೆ ರೈತರು ಪರೀಕ್ಷೆ ಮಾಡಿ ನೋಡಬಹುದಾದ ಸಾಲು ಪಟ್ಟಿಯಲ್ಲಿ ಅದೊಂದೇ. ವೇಬ್ರಿಡ್ಜ್ ಒಳಗೆ ಏನಾಗುತ್ತದೆ ಅಂತ ಅವರು ನೋಡಲಾರರು, ತೇವಾಂಶದ ಮೀಟರ್ ಬಿಚ್ಚಿ ನೋಡಲಾರರು. ಗುಣಾಕಾರ ಮಾತ್ರ ಅವರ ಕೈಯಲ್ಲಿದೆ. ಅದೂ ತಪ್ಪಿದರೆ ಉಳಿದದ್ದನ್ನು ಯಾಕೆ ನಂಬಬೇಕು?

ಗಂಗಾವತಿಯ ಕೆಲವು ಅಂಗಡಿಗಳ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಮಿಲ್‌ನ ಸಾವ್ಕಾರರು ನನಗೆ ಹೇಳಿಕಳಿಸಿದರು.

ದರದ ವಹಿ ಕೊಟ್ಟ ಸುಳಿವು

ಪ್ರೋಗ್ರಾಂ ತೆರೆಯುವ ಮೊದಲು ನಾನು ಕೇಳಿದ್ದು ದರದ ವಹಿ. ಇಂಥ ತಪ್ಪು ದಿನಾ ಆಗುವುದಿಲ್ಲ, ಯಾವ ದಿನ ಆಗುತ್ತದೆ ಅನ್ನುವುದರಲ್ಲೇ ಅದರ ಜಾಡು ಇರುತ್ತದೆ. ಆ ಹಂಗಾಮಿನಲ್ಲಿ ದರ 1,725 ಇದ್ದಾಗ ಯಾರೂ ತಕರಾರು ಮಾಡಿರಲಿಲ್ಲ. 1,800 ಇದ್ದಾಗಲೂ ಇಲ್ಲ. ಆ ದಿನಗಳ ಪಟ್ಟಿ ತೆಗೆದು ನೋಡಿದರೆ ಐವತ್ತು ಪೈಸೆ ಬಂದ ಕಡೆಯೆಲ್ಲ ಒಂದೇ ರೀತಿ ಮೇಲಕ್ಕೇ ಹೋಗಿದೆ. ಗಲಾಟೆ ಶುರುವಾದದ್ದು 1,755ಕ್ಕೆ.

1,725ನ್ನು 75ರಿಂದ ಭಾಗಿಸಿ, 23. 1,800ನ್ನು ಭಾಗಿಸಿ, 24. 1,755ನ್ನು ಭಾಗಿಸಿದರೆ 23.4. ಪ್ರೋಗ್ರಾಂ ಒಳಗೆ ನೋಡಿದಾಗ ನಿರೀಕ್ಷಿಸಿದ್ದೇ ಸಿಕ್ಕಿತು. ಅದು ಮೊದಲು ಚೀಲದ ದರವನ್ನು 75ರಿಂದ ಭಾಗಿಸಿ ಕೆ.ಜಿ. ದರ ಮಾಡಿಕೊಳ್ಳುತ್ತದೆ, ಆಮೇಲೆ ತೂಕದಿಂದ ಗುಣಿಸುತ್ತದೆ, ಕೊನೆಗೆ ಹತ್ತಿರದ ರೂಪಾಯಿಗೆ ತರುತ್ತದೆ. ಕಾಗದದ ಮೇಲೆ ಇದರಲ್ಲಿ ಏನೂ ತಪ್ಪಿಲ್ಲ. ತಪ್ಪು ಇರುವುದು 23.4 ಅನ್ನುವ ಸಂಖ್ಯೆ ಕಂಪ್ಯೂಟರ್ ಒಳಗೆ 23.4 ಆಗಿ ಉಳಿಯುವುದಿಲ್ಲ ಅನ್ನುವುದರಲ್ಲಿ.

ಹಿರಿಯರಿಗೆ ಸೇರು, ಅರ್ಧ ಸೇರು, ಪಾವು, ಅರ್ಧ ಪಾವು, ಚಟಾಕು ಗೊತ್ತು. ಪ್ರತಿ ಅಳತೆಯೂ ಅದರ ಹಿಂದಿನದರ ಅರ್ಧ. ಇವಿಷ್ಟನ್ನೇ ಇಟ್ಟುಕೊಂಡು ಒಂದು ಸೇರಿನ ಹತ್ತನೇ ಒಂದು ಭಾಗ ಅಳೆಯಿರಿ ಅಂದರೆ? ಚಟಾಕಿನ ಅರ್ಧ, ಅದರ ಅರ್ಧ, ಮತ್ತೆ ಅದರ ಅರ್ಧ ಅಂತ ಎಷ್ಟು ಸಣ್ಣ ಅಳತೆ ಮಾಡಿಕೊಂಡರೂ ಹತ್ತಿರ ಹತ್ತಿರ ಹೋಗಬಹುದು, ಮುಟ್ಟಲು ಆಗುವುದಿಲ್ಲ. ಕಂಪ್ಯೂಟರ್ ಬಳಿ ಇರುವುದೂ ಅರ್ಧದ ಅರ್ಧಗಳೇ. ಅರ್ಧ, ಕಾಲು, ಅರೆಕಾಲು ಕರಾರುವಾಕ್ಕಾಗಿ ಬರುತ್ತವೆ. ಹತ್ತರಲ್ಲಿ ಒಂದು ಬರುವುದಿಲ್ಲ. 1957ರ ಏಪ್ರಿಲ್ 1ಕ್ಕೆ ನೂರು ಪೈಸೆಯ ಲೆಕ್ಕ ಬರುವ ಮುಂಚೆ ರೂಪಾಯಿಗೆ ಹದಿನಾರು ಆಣೆ ಇತ್ತಲ್ವಾ? ಆ ಆಣೆ ಲೆಕ್ಕ ಇವತ್ತಿನ ಕಂಪ್ಯೂಟರ್‌ಗೆ ಸರಾಗವಾಗಿ ಕೂರುತ್ತಿತ್ತು. ಒಂದಾಣೆ ಅಂದರೆ 0.0625, ಅರ್ಧ ಮಾಡುವುದನ್ನು ನಾಲ್ಕು ಸಲ ಮಾಡಿದರೆ ಸರಿಯಾಗಿ ಅದೇ ಸಿಗುತ್ತದೆ. ಪೈಸೆ ಹಾಗಲ್ಲ. ಒಂದರಿಂದ ತೊಂಬತ್ತೊಂಬತ್ತು ಪೈಸೆವರೆಗೆ ಕರಾರುವಾಕ್ಕಾಗಿ ಕೂರುವುದು 25, 50, 75 ಮಾತ್ರ.

ಬಹುತೇಕ ಪ್ರೋಗ್ರಾಂ ಭಾಷೆಗಳು ದಶಮಾಂಶ ಇರುವ ಸಂಖ್ಯೆಯನ್ನು ಇಡುವುದು ಐಇಇಇ 754 ಅನ್ನುವ ಮಾನದಂಡದ ಪ್ರಕಾರ. 1985ರಲ್ಲಿ ಬಂದದ್ದು, 2008 ಮತ್ತು 2019ರಲ್ಲಿ ಪರಿಷ್ಕರಣೆ ಆಯಿತು. ಇದರ ಹಿಂದೆ ದುಡಿದ ವಿಲಿಯಂ ಕಹಾನ್‌ಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿದೆ. ಒಂದು ಸಂಖ್ಯೆಗೆ 64 ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು ಹಿಡಿಯುವ 64 ಮನೆಗಳು: ಒಂದು ಚಿಹ್ನೆಗೆ, 11 ಘಾತಕ್ಕೆ, 52 ಅಂಕಿಗಳಿಗೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ, ಪೈಥಾನ್‌ನ ಫ್ಲೋಟ್, ಜಾವಾದ ಡಬಲ್ ಎಲ್ಲ ಇದೇ. ಹಾಗಾಗಿ “ಜಾವಾಸ್ಕ್ರಿಪ್ಟ್‌ಗೆ ಲೆಕ್ಕ ಬರಲ್ಲ” ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್‌ನಲ್ಲೂ 0.30000000000000004 ಅಂತಲೇ ಬರುತ್ತದೆ. ಸೇತುವೆಯ ಭಾರ, ಕಾಲುವೆ ನೀರಿನ ಹರಿವು ಲೆಕ್ಕ ಹಾಕಲು ಇದು ಬಹಳ ಒಳ್ಳೆಯ ವ್ಯವಸ್ಥೆ. ಅಲ್ಲಿ ಅಳತೆಯಲ್ಲೇ ಇದಕ್ಕಿಂತ ಎಷ್ಟೋ ಕೋಟಿಪಟ್ಟು ದೊಡ್ಡ ವ್ಯತ್ಯಾಸ ಇರುತ್ತದೆ. ದುಡ್ಡಿನ ಲೆಕ್ಕಕ್ಕೆ ಇದು ಹೇಳಿಮಾಡಿಸಿದ್ದಲ್ಲ, ಅಷ್ಟೇ.

ಆ ರೂಪಾಯಿ ಬಿದ್ದ ಜಾಗ

23.4ನ್ನು ಇಪ್ಪತ್ತು ದಶಮಾಂಶದವರೆಗೆ ತೋರಿಸು ಅಂತ ಜಾವಾಸ್ಕ್ರಿಪ್ಟ್‌ಗೆ ಹೇಳಿದರೆ 23.39999999999999857891 ಅಂತ ತೋರಿಸುತ್ತದೆ. ಅಂದರೆ ಕೂದಲೆಳೆಯಷ್ಟು ಕಡಿಮೆ. ಇದನ್ನು 5,137.5ರಿಂದ ಗುಣಿಸಿದಾಗ ಆ ಕೊರತೆಯೂ ಐದು ಸಾವಿರಪಟ್ಟು ದೊಡ್ಡದಾಗುತ್ತದೆ. ಆದರೂ ಅದು ಇನ್ನೂ ತೀರಾ ಸಣ್ಣದೇ.

ಈಗ ನೋಡಬೇಕಾದ ಮಾತು ಬಂತು. ಈ ವ್ಯವಸ್ಥೆಯಲ್ಲಿ ಎಲ್ಲ ಸಂಖ್ಯೆಗಳಿಗೂ ಜಾಗ ಇಲ್ಲ. 65,536ರಿಂದ 1,31,072ರವರೆಗೆ ಒಂದು ಜಾಗಕ್ಕೂ ಮುಂದಿನ ಜಾಗಕ್ಕೂ ಇರುವ ಅಂತರ ಸುಮಾರು 0.0000000000146. ಗುಣಾಕಾರದ ಉತ್ತರ ಎರಡು ಜಾಗಗಳ ನಡುವೆ ಬಂದರೆ ಹತ್ತಿರದ ಜಾಗಕ್ಕೆ ಹೋಗಿ ಕೂರುತ್ತದೆ. ಪಕ್ಕದ ಹೊಲದವರ 4,612.5 ಕೆ.ಜಿ.ಗೆ ಬಂದ ಕೊರತೆ ಈ ಅಂತರದ 0.45ರಷ್ಟು. ಅರ್ಧಕ್ಕಿಂತ ಕಡಿಮೆ. ಹಾಗಾಗಿ ಉತ್ತರ ವಾಪಸ್ ಮೇಲಕ್ಕೆ ಸರಿದು 1,07,932.5ರಲ್ಲೇ ಕೂತಿತು. ತಪ್ಪು ತನಗೆ ತಾನೇ ಅಳಿಸಿಹೋಯಿತು. ಕ್ಯಾಂಪಿನವರ 5,137.5 ಕೆ.ಜಿ.ಗೆ ಬಂದ ಕೊರತೆ ಅಂತರದ 0.5017ರಷ್ಟು. ಅರ್ಧಕ್ಕಿಂತ ಒಂಚೂರು ಜಾಸ್ತಿ. ಉತ್ತರ ಕೆಳಗಿನ ಜಾಗಕ್ಕೆ ಜಾರಿತು. ಪರದೆಯ ಮೇಲೆ ಅದನ್ನು ಪೂರ್ತಿ ಬಿಡಿಸಿ ನೋಡಿದರೆ 120217.49999999999.

ಇನ್ನು ರೂಪಾಯಿಗೆ ತರುವ ಆಜ್ಞೆ, ಅಂದರೆ ಮ್ಯಾಥ್ ರೌಂಡ್, ತನ್ನ ಕೆಲಸ ಸರಿಯಾಗೇ ಮಾಡಿತು. ಅರ್ಧಕ್ಕಿಂತ ಕಡಿಮೆ ಇದೆ, ಕೆಳಗೆ ಬಿಡು. 1,20,217. ಆದರೆ ಮೊತ್ತದ ಸಾಲನ್ನು ಎರಡೇ ದಶಮಾಂಶಕ್ಕೆ ಮುದ್ರಿಸುವುದರಿಂದ ಅಲ್ಲಿ 1,20,217.50 ಅಂತಲೇ ಬರುತ್ತದೆ. ಹೀಗೆ ಒಂದೇ ಕಾಗದದ ಮೇಲೆ ಐವತ್ತು ಪೈಸೆಯೂ ಕಾಣುತ್ತದೆ, ಅದನ್ನು ಬಿಟ್ಟದ್ದೂ ಕಾಣುತ್ತದೆ. ಎಕ್ಸೆಲ್‌ಗೆ ಹಾಕಿ ನೋಡಿದರೂ ಗೊತ್ತಾಗುವುದಿಲ್ಲ, ಯಾಕಂದರೆ ಅದು ತೋರಿಸುವುದು 15 ಅಂಕಿಗಳನ್ನು ಮಾತ್ರ. ಗುಮಾಸ್ತರು ಎಷ್ಟು ಸಲ ನೋಡಿದರೂ ತಪ್ಪು ಕಾಣಲಿಲ್ಲ ಅಂದರೆ ಅದು ಅವರ ಕಣ್ಣಿನ ದೋಷವಲ್ಲ.

ವೇಬ್ರಿಡ್ಜ್ ಸರಿಯಿತ್ತು. ಯಾರೂ ಬೇಕಂತ ಇಳಿಸಿರಲಿಲ್ಲ. ಇದನ್ನು ನಾನು ಸಾವ್ಕಾರರ ಮುಂದೆ, ಆ ಇಬ್ಬರು ರೈತರ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಹಾಗೆ ತೋರಿಸದೆ ಸುಮ್ನೆ ಸರಿಮಾಡಿ ಹೋಗಿದ್ದರೆ ಅನುಮಾನ ಉಳಿದೇ ಉಳಿಯುತ್ತಿತ್ತು ಅಂತ ನನ್ನ ನಂಬಿಕೆ.

ತೇಪೆ ಹಾಕುವ ಪ್ರಯತ್ನಗಳು

ಪ್ರೋಗ್ರಾಂ ಬರೆದವರು ಫೋನಿನಲ್ಲಿ ಎರಡು ಉಪಾಯ ಹೇಳಿದರು. ಎರಡೂ ಚಾಲ್ತಿಯಲ್ಲಿರುವ ಉಪಾಯಗಳೇ, ಅದಕ್ಕೇ ಯಾಕೆ ಸಾಲದು ಅಂತ ಹೇಳುವುದು ಮುಖ್ಯ.

ಮೊದಲನೆಯದು, ರೌಂಡ್ ಮಾಡುವ ಮುಂಚೆ ಎಪ್ಸಿಲಾನ್ ಅನ್ನುವ ಅತಿ ಸಣ್ಣ ಸಂಖ್ಯೆ ಕೂಡಿಸುವುದು. ಜಾವಾಸ್ಕ್ರಿಪ್ಟ್‌ನ ಎಪ್ಸಿಲಾನ್ ಸುಮಾರು 0.00000000000000022. ಒಂದರ ಆಸುಪಾಸಿನ ಸಂಖ್ಯೆಗೆ ಇದು ಸರಿ. ಲಕ್ಷದ ಆಸುಪಾಸಿನಲ್ಲಿ ಜಾಗಗಳ ಅಂತರವೇ ಇದಕ್ಕಿಂತ ಸುಮಾರು ಅರವತ್ತೈದು ಸಾವಿರಪಟ್ಟು ದೊಡ್ಡದು. ಕೂಡಿಸಿದರೂ ಒಂದೇ, ಬಿಟ್ಟರೂ ಒಂದೇ. ನಮ್ಮ 120217.49999999999 ಹಾಗೇ ಇರುತ್ತದೆ.

ಎರಡನೆಯದು, ಮೊದಲು ಎರಡು ದಶಮಾಂಶಕ್ಕೆ ತಂದು ಆಮೇಲೆ ರೂಪಾಯಿಗೆ ತರುವುದು. ಕ್ಯಾಂಪಿನವರ ಪಟ್ಟಿಗೆ ಇದು ಹೊಂದುತ್ತದೆ: ಮೊದಲು 1,20,217.50, ಆಮೇಲೆ 1,20,218. ಪ್ರೋಗ್ರಾಂ ಬರೆದವರು ಇಷ್ಟಕ್ಕೇ ಮುಗಿಸೋಣ ಅಂದರು. ನಾನು ಬೇರೆ ಲೆಕ್ಕ ಹಾಕಿ ನೋಡಿದೆ. 65 ಪ್ಲಾಸ್ಟಿಕ್ ಚೀಲ, ತಲಾ 120 ಗ್ರಾಂ ಮುರಿದರೆ 7.8 ಕೆ.ಜಿ. ವೇಬ್ರಿಡ್ಜ್ ತೂಕ 4,545 ಇದ್ದರೆ ಉಳಿಯುವುದು 4,537.2 ಕೆ.ಜಿ. ದರ 1,751 ಅಂತಿಟ್ಟುಕೊಳ್ಳಿ. ನಿಜವಾದ ಮೊತ್ತ 1,05,928.496. ಐವತ್ತು ಪೈಸೆ ತುಂಬಿಲ್ಲ, ಹಾಗಾಗಿ ಕೊಡಬೇಕಾದ್ದು 1,05,928. ಆದರೆ ಮೊದಲು ಎರಡು ದಶಮಾಂಶಕ್ಕೆ ತಂದರೆ ಅದು 1,05,928.50 ಆಗುತ್ತದೆ, ಆಮೇಲೆ 1,05,929. ಈ ಸಲ ರೂಪಾಯಿ ಹೋಗುವುದು ಮಿಲ್‌ನವರದ್ದು. ಎರಡು ಸಲ ರೌಂಡ್ ಮಾಡಿದರೆ ಹೀಗೇ, ಮೊದಲ ಸಲದ್ದು ಎರಡನೇ ಸಲಕ್ಕೆ ಸುಳ್ಳು ಹೇಳಿಬಿಡುತ್ತದೆ. ಕಂಪ್ಯೂಟರ್‌ನ ಅರ್ಧದ ಅರ್ಧಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಕೈಬರಹದ ಲೆಕ್ಕದಲ್ಲೂ ಇದು ತಪ್ಪೇ.

ಇನ್ನೊಂದು ದಾರಿ ದಶಮಾಂಶಕ್ಕೆಂದೇ ಇರುವ ಸಂಖ್ಯೆಗಳನ್ನು ಬಳಸುವುದು. ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನ್‌ನಲ್ಲಿ ಡೆಸಿಮಲ್. ಇದು ಒಳ್ಳೆಯ ದಾರಿ, ಆದರೆ 75ರ ಮುಂದೆ ಇದೊಂದೇ ಸಾಲದು. ನಾಳೆ ದರ 1,760 ಆಯಿತು ಅನ್ನಿ. 75ರಿಂದ ಭಾಗಿಸಿದರೆ 23.4666 ಅಂತ ಕೊನೆಯಿಲ್ಲದೆ ಹೋಗುತ್ತದೆ. 75ರಲ್ಲಿ ಮೂರು ಇದೆ, ಮೂರರಿಂದ ಭಾಗಿಸಿದ್ದು ದಶಮಾಂಶದಲ್ಲೂ ಮುಗಿಯುವುದಿಲ್ಲ. ಎಷ್ಟು ಅಂಕಿಗೆ ನಿಲ್ಲಿಸಬೇಕು ಅಂತ ಹೇಳದೆ ಬಿಗ್‌ಡೆಸಿಮಲ್‌ಗೆ ಈ ಭಾಗಾಕಾರ ಕೊಟ್ಟರೆ ಅದು ಉತ್ತರ ಕೊಡದೆ ದೋಷ ಎತ್ತಿ ನಿಂತುಬಿಡುತ್ತದೆ. ಹಾಗೆ ನಿಲ್ಲುವುದು ನನಗೆ ಇಷ್ಟ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ನಾವು ಮಾಡಿದ್ದು

ಮೊದಲು ಗುಣಿಸುವುದು, ಕೊನೆಗೆ ಒಂದೇ ಸಲ ಭಾಗಿಸುವುದು. ನಡುವೆ ದಶಮಾಂಶವೇ ಬರದ ಹಾಗೆ ತೂಕವನ್ನು ಗ್ರಾಂನಲ್ಲಿ, ದರವನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡುವುದು. ಕ್ಯಾಂಪಿನವರ ತೂಕ 51,37,500 ಗ್ರಾಂ. ದರ 1,75,500 ಪೈಸೆ. ಗುಣಿಸಿದರೆ 9,01,63,12,50,000. 75 ಕೆ.ಜಿ. ಅಂದರೆ 75,000 ಗ್ರಾಂನಿಂದ ಭಾಗಿಸಿದರೆ 1,20,21,750 ಪೈಸೆ. ಒಂದು ಪೈಸೆಯೂ ಆಚೀಚೆ ಇಲ್ಲ.

“ಇಷ್ಟು ದೊಡ್ಡ ಸಂಖ್ಯೆ ಹಿಡಿಸುತ್ತಾ?” ಅಂತ ಕೇಳಬಹುದು. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ 2ರ 53ನೇ ಘಾತದವರೆಗೆ, ಅಂದರೆ ಒಂಬತ್ತು ಸಾವಿರ ಲಕ್ಷ ಕೋಟಿಗೂ ಸ್ವಲ್ಪ ಹೆಚ್ಚು ಎನ್ನುವ ಅಂಕಿ 9007199254740992ರವರೆಗೆ, ಪ್ರತಿ ಪೂರ್ಣ ಸಂಖ್ಯೆಯನ್ನೂ ಬಿಡದೆ ಹಿಡಿಯುತ್ತದೆ. ನಮ್ಮದು ಅದರ ಹತ್ತು ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲು. ಆದರೂ ನಾವು ಪೂರ್ಣ ಸಂಖ್ಯೆಗಳಿಗೆಂದೇ ಇರುವ ಬಿಗ್‌ಇಂಟ್ ಅನ್ನುವ ಬಗೆಯನ್ನು ಬಳಸಿದೆವು. ಜಾವಾಸ್ಕ್ರಿಪ್ಟ್‌ನ 2020ರ ಮಾನದಂಡದಿಂದ ಅದು ಭಾಷೆಯಲ್ಲೇ ಇದೆ. ಭಾಗಿಸಿದಾಗ ಶೇಷ ಬಿಟ್ಟು ಪೂರ್ಣ ಸಂಖ್ಯೆಯನ್ನೇ ಕೊಡುತ್ತದೆ. ಅಕಸ್ಮಾತ್ ಯಾರಾದರೂ ಮುಂದೆ ದಶಮಾಂಶದ ಸಂಖ್ಯೆ ಬೆರೆಸಲು ಹೋದರೆ ಒಪ್ಪುವುದೇ ಇಲ್ಲ.

ಇಲ್ಲಿಗೆ ತಾಂತ್ರಿಕ ಕೆಲಸ ಮುಗಿಯಿತು. ಪ್ರಕರಣ ಮುಗಿಯಲಿಲ್ಲ. ಯಾಕಂದರೆ ಸರಿಯಾಗಿ ಐವತ್ತು ಪೈಸೆ ಬಂದರೆ ಏನು ಮಾಡಬೇಕು ಅಂತ ಯಾರೂ ತೀರ್ಮಾನಿಸಿಯೇ ಇರಲಿಲ್ಲ. ಅದು ಕಂಪ್ಯೂಟರ್ ತೀರ್ಮಾನಿಸುವ ವಿಷಯವಲ್ಲ. ಪೈಥಾನ್‌ನ ರೌಂಡ್ ಸರಿಯಾಗಿ ಅರ್ಧ ಇದ್ದಾಗ ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ. ಇದೇ ಎರಡು ಮೊತ್ತಗಳನ್ನು ಅದಕ್ಕೆ ಕೊಟ್ಟರೆ 1,20,217.5 ಮೇಲಕ್ಕೆ ಹೋಗಿ 1,20,218 ಆಗುತ್ತದೆ, 1,07,932.5 ಕೆಳಕ್ಕೆ ಬಂದು 1,07,932 ಆಗುತ್ತದೆ. ಅಂದರೆ ತೂಕ ಸರಿ, ಗುಣಾಕಾರ ಸರಿ, ಆದರೂ ತಕರಾರು ಈ ಸಲ ಪಕ್ಕದ ಹೊಲದವರದ್ದು! ಸರಿಸಂಖ್ಯೆಯ ನಿಯಮಕ್ಕೂ ಅದರದೇ ಕಾರಣ ಇದೆ. ಸಾವಿರಾರು ಸಂಖ್ಯೆ ಕೂಡಿಸುವಾಗ ಯಾವಾಗಲೂ ಮೇಲಕ್ಕೇ ಹೋದರೆ ಮೊತ್ತ ಒಂದೇ ಕಡೆ ವಾಲುತ್ತದೆ. ಆದರೆ ರೈತರ ಪಟ್ಟಿಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಟ್ಟಿ ಹಿಡಿದವರು ಬಾಯಿಲೆಕ್ಕದಲ್ಲಿ ಪರೀಕ್ಷಿಸಲು ಆಗದ ನಿಯಮ ಅಲ್ಲಿರಬಾರದು.

ಸಾವ್ಕಾರರು, ಗುಮಾಸ್ತರು, ನಾಲ್ಕಾರು ರೈತರು ಕೂತು ಒಪ್ಪಿದ್ದು ಸರಳ ನಿಯಮ: ಐವತ್ತು ಪೈಸೆ ಅಥವಾ ಮೇಲಿದ್ದರೆ ಮುಂದಿನ ರೂಪಾಯಿ, ಕಡಿಮೆ ಇದ್ದರೆ ಬಿಡುವುದು. ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನಲ್ಲಿ ತೆರಿಗೆಯ ಮೊತ್ತಕ್ಕೆ ಇರುವ ನಿಯಮವೂ ಇದೇ ಆದ್ದರಿಂದ ಗುಮಾಸ್ತರಿಗೆ ಹೊಸದೇನಲ್ಲ. ರೌಂಡ್ ಮಾಡುವುದು ಒಂದೇ ಸಲ, ಒಂದೇ ಜಾಗದಲ್ಲಿ. ಹಮಾಲಿ ಮತ್ತಿತರ ಸಾಲುಗಳು ಪೈಸೆಯಲ್ಲೇ ಉಳಿಯಬೇಕು. ಈ ನಿಯಮವನ್ನು ಪಟ್ಟಿಯ ಕೆಳಗೆ ಕನ್ನಡದಲ್ಲಿ ಮುದ್ರಿಸಬೇಕು ಅಂತ ಕೇಳಿದ್ದು ಕ್ಯಾಂಪಿನವರೇ. ಈಗ ಅಲ್ಲಿ ಕೆ.ಜಿ. ದರದ ಸಾಲು ಇಲ್ಲ. ಬದಲಿಗೆ ತೂಕ, ಚೀಲದ ದರ, 75 ಮೂರೂ ಇವೆ. ಮೊಬೈಲ್ ಇರುವ ಯಾರು ಬೇಕಾದರೂ ಗುಣಿಸಿ ಭಾಗಿಸಿ ನೋಡಿಕೊಳ್ಳಬಹುದು.

ಸೊನ್ನೆ ರೂಪಾಯಿ ಬಾಕಿ

ಹುಡುಕುವಾಗ ಇನ್ನೊಂದು ಸಿಕ್ಕಿತು. ಬಾಕಿ ಇರುವವರ ಪಟ್ಟಿಯಲ್ಲಿ ಕೆಲವರ ಹೆಸರಿನ ಮುಂದೆ 0.00 ಅಂತ ಇತ್ತು. ಲೆಕ್ಕ ಚುಕ್ತಾ ಆದವರು ಪಟ್ಟಿಯಲ್ಲಿ ಯಾಕಿದ್ದಾರೆ? ಪ್ರೋಗ್ರಾಂ ಬಾಕಿ ಸೊನ್ನೆಯಾ ಅಂತ ಕೇಳುತ್ತಿತ್ತು. 0.1 ಕೂಡಿಸು 0.2 ಕಳೆ 0.3 ಅಂದರೆ ಈ ವ್ಯವಸ್ಥೆಯಲ್ಲಿ ಸೊನ್ನೆ ಬರುವುದಿಲ್ಲ, ದಶಮಾಂಶದ ನಂತರ ಹದಿನಾರು ಸೊನ್ನೆ ಆಗಿ ಆಮೇಲೆ 555 ಅಂತ ಏನೋ ಉಳಿಯುತ್ತದೆ. ಪೈಸೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಇಟ್ಟರೆ ಸೊನ್ನೆ ಅಂದರೆ ಸೊನ್ನೆ. ಬಾಕಿಯ ಲೆಕ್ಕವನ್ನೂ ಪೈಸೆಗೆ ಬದಲಾಯಿಸಿದ ಮೇಲೆ ಆ ಹೆಸರುಗಳು ಹೋದವು.

“ಇಷ್ಟ್ ಸಣ್ಣದಕ್ಕ ಇಷ್ಟೆಲ್ಲಾ ಬೇಕಾ?” ಅಂತ ಸಾವ್ಕಾರರು ಕೇಳಿದರು. ಅವರಿಗೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ಹೇಳಿದೆ. 1982ರ ಜನವರಿಯಲ್ಲಿ ಅಲ್ಲಿನ ಸೂಚ್ಯಂಕ 1000ದಿಂದ ಶುರುವಾಯಿತು. ಪ್ರತಿ ಸಲ ಲೆಕ್ಕ ಹಾಕಿದಾಗಲೂ ಮೂರು ದಶಮಾಂಶದ ಆಚೆಯದ್ದನ್ನು ರೌಂಡ್ ಮಾಡದೆ ಕತ್ತರಿಸಿ ಬಿಡುತ್ತಿದ್ದರು. ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಇರಬೇಕಾದದ್ದು 1098.892. ಅಲ್ಲಿನ ತಪ್ಪು ಕತ್ತರಿಸುವುದರದ್ದು, ಇಲ್ಲಿಯದಕ್ಕಿಂತ ಬೇರೆ. ಆದರೆ ಪ್ರತಿ ಸಲ ಒಂದೇ ಕಡೆಗೆ ಹೋಗುವ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ ಅನ್ನುವುದು ಎರಡೂ ಕಡೆ ಒಂದೇ.

ಉಳಿದದ್ದು ಹಳೆಯ ಪಟ್ಟಿಗಳು. ಆ ಹಂಗಾಮಿನ ಎಲ್ಲ ಪಟ್ಟಿಗಳ ತೂಕ ಮತ್ತು ದರ ಕಂಪ್ಯೂಟರ್‌ನಲ್ಲಿ ಇತ್ತು, ಹಾಗಾಗಿ ಎಲ್ಲವನ್ನೂ ಹೊಸ ರೀತಿಯಲ್ಲಿ ಮತ್ತೆ ಲೆಕ್ಕ ಹಾಕಿದೆವು. ರೂಪಾಯಿ ಕಡಿಮೆ ಬಂದವರ ಖಾತೆಗೆ ಮುಂದಿನ ಪಟ್ಟಿಯಲ್ಲಿ ಜಮಾ ಮಾಡುವುದು ಅಂತ ಸಾವ್ಕಾರರು ಒಪ್ಪಿದರು. ಪ್ರೋಗ್ರಾಂ ಬರೆದವರಿಗೆ ಪರೀಕ್ಷೆಗೆ ಅಂತ ಮೂರು ಪಟ್ಟಿ ಕೊಟ್ಟೆ: ಅರವತ್ತೆಂಟೂವರೆ ಚೀಲದ್ದು, ಅರವತ್ತೊಂದೂವರೆ ಚೀಲದ್ದು, 4,537.2 ಕೆ.ಜಿ.ಯದ್ದು. ಪ್ರೋಗ್ರಾಂನಲ್ಲಿ ಏನೇ ಬದಲಾಯಿಸಿದರೂ ಈ ಮೂರರ ಉತ್ತರ 1,20,218, 1,07,933, 1,05,928 ಬಂದಮೇಲೆಯೇ ಮಿಲ್‌ಗೆ ಕಳಿಸಬೇಕು. ಜೊತೆಗೆ ವೇಬ್ರಿಡ್ಜ್‌ನಿಂದ ಬರುವ ತೂಕವನ್ನು ದಶಮಾಂಶದ ಸಂಖ್ಯೆಯಾಗಿ ಓದದೆ ಅಕ್ಷರಗಳಾಗಿಯೇ ಓದಿ, ಚುಕ್ಕಿಯ ಆಚೀಚೆ ಬೇರೆ ಮಾಡಿ, ನೇರವಾಗಿ ಗ್ರಾಂಗೆ ತರುವ ಹಾಗೆ ಬದಲಾಯಿಸಲು ಹೇಳಿದ್ದೇನೆ. ಬೇಸಿಗೆ ಬೆಳೆ ಮಿಲ್‌ಗೆ ಬರುವ ಮುಂಚೆ ಆ ಕೆಲಸ ಆಗಬೇಕು.